ಇನ್ನೊಂದು ಸೌಟು ಹುಳಿ

ಸ್ಥೂಲಕಾಯರ ಪಾಲಿಗೆ ಕನ್ನಡಿ ದಯಾಮಯಿ, ದರ್ಜಿ ಸಭ್ಯಸ್ಥ, ನೆಂಟರಿಷ್ಟರು ‘ಮೈಕೈ ತುಂಬಿಕೊಂಡಿದ್ದೀರಿ’ ಎನ್ನುವಷ್ಟು ಸುಸಂಸ್ಕೃತರು. ಮರ್ಯಾದೆ ಗೊತ್ತಿಲ್ಲದ್ದು ತಕ್ಕಡಿಗೆ ಮಾತ್ರ. ಈ ಸತ್ಯ ನನಗೆ ಹೊಳೆದದ್ದು ಎಂಬತ್ತರ ದಶಕದ ಆರಂಭದಲ್ಲಿ, ಯಶವಂತಪುರದ ಈರುಳ್ಳಿ ಮಂಡಿಯೊಂದರಲ್ಲಿ ನಾನು ಗುಮಾಸ್ತನಾಗಿದ್ದಾಗ. ಒಂದು ಮಧ್ಯಾಹ್ನ ಮೂಟೆಗಳೆಲ್ಲ ಲಾರಿ ಹತ್ತಿದ ಮೇಲೆ ಹಮಾಲಿ ಮುನಿಯಪ್ಪ ತಮಾಷೆಗೆಂದು ನನ್ನನ್ನು ತೂಕದ ಹಲಗೆಯ ಮೇಲೆ ನಿಲ್ಲಿಸಿ, ಇಡೀ ಸಾಲಿಗೆ ಕೇಳುವಂತೆ ಘೋಷಿಸಿದ: “ತೊಂಬತ್ತೆಂಟು ಕಿಲೋ! ಸಾ, ಮೂಟೆ ಈರುಳ್ಳಿಗಿಂತ ನೀವೇ ಜಾಸ್ತಿ. ಇಂಗೇ ಆದ್ರೆ ನಿಮ್ಮನ್ನ ಎತ್ತಕ್ಕೆ ಇಬ್ರು ಬೇಕಾಯ್ತದೆ!” ಅಕ್ಕಪಕ್ಕದ ಮಂಡಿಯವರೆಲ್ಲ ಬಂದು ನನ್ನನ್ನೊಮ್ಮೆ ನೋಡಿಕೊಂಡು ಹೋದರು.

ಹಾಗೆಂದು ನಾನೇನು ಕೈಕಟ್ಟಿ ಕೂತವನಲ್ಲ. ನಿಂಬೆರಸಕ್ಕೆ ಜೇನು ಬೆರೆಸಿ ಕುಡಿದೆ. ಆರ್.ಟಿ. ನಗರದ ನಮ್ಮ ಮನೆಯಿಂದ ಹೆಬ್ಬಾಳದ ಕೆರೆಯವರೆಗೆ ಪ್ರಾತಃಕಾಲದ ನಡಿಗೆ ಕೈಗೊಂಡೆ; ಹಿಂದಿರುಗುವ ದಾರಿಯಲ್ಲೊಂದು ಹೋಟೆಲಿತ್ತು, ಅಲ್ಲಿಯ ಇಡ್ಲಿ ವಡೆಯ ವಿಷಯ ಈಗ ಬೇಡ ಬಿಡಿ. ಶನಿವಾರದ ಉಪವಾಸವನ್ನೂ ಹಿಡಿದೆ. ನಮ್ಮಲ್ಲಿ ಉಪವಾಸವೆಂದರೆ ಅನ್ನವೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಭಕ್ತಿಯಿಂದ ತಿನ್ನುವುದು ತಾನೇ? ಅವಲಕ್ಕಿ, ಉಪ್ಪಿಟ್ಟು, ಸಬ್ಬಕ್ಕಿ ಪಾಯಸ, ಮೇಲೆ ಅರ್ಧ ಡಜನ್ ಬಾಳೆಹಣ್ಣು. ಇಷ್ಟಾದರೂ ಹೇಗೋ ಏನೋ ನಾಲ್ಕು ಕಿಲೋ ಹೋಗುತ್ತಿತ್ತು. ಹೋದದ್ದು ಎರಡೇ ತಿಂಗಳಲ್ಲಿ ತನ್ನ ಬಂಧುಬಳಗವನ್ನೂ ಕರೆದುಕೊಂಡು ವಾಪಸ್ಸು ಬರುತ್ತಿತ್ತು.

ಕಡೆಗೆ ಈರುಳ್ಳಿ ಮಂಡಿಗೆ ಹೋಗಲು ನನ್ನ ಸ್ವಂತ ಮಂಡಿಗಳೇ ಒಪ್ಪದಾದಾಗ, ನಮ್ಮ ಬೀದಿಯ ಡಾಕ್ಟರು “ನಿಮ್ಮ ಹೊಟ್ಟೆಗೆ ಹೇಳೋದೆಲ್ಲ ಹೇಳಿಯಾಯ್ತು, ಇನ್ನು ತಲೆಗೆ ಯಾರಾದ್ರೂ ಹೇಳ್ಬೇಕು” ಎಂದು ಶಾಹೀನ್ ಮೇಡಂ ಎಂಬ ಆಪ್ತಸಮಾಲೋಚಕಿಯ ಬಳಿ ಕಳಿಸಿದರು. ಎರಡು ಕೋಣೆಯ ಆ ಕ್ಲಿನಿಕ್ಕಿನಲ್ಲಿ ಮಾತ್ರೆಯಿಲ್ಲ, ಸೂಜಿಯಿಲ್ಲ, ಬರೀ ಮಾತು. ಆ ಕಾಲಕ್ಕೆ ಮನಸ್ಸಿನ ಡಾಕ್ಟರ ಮೆಟ್ಟಿಲು ಹತ್ತಿದವನೆಂದರೆ ತಲೆ ಕೆಟ್ಟವನೆಂದೇ ಅರ್ಥ. ಸುದ್ದಿ ವಾರದೊಳಗೆ ಹಬ್ಬಿ, ಕರುಣಾಳುಗಳಾದ ನೆರೆಹೊರೆಯವರು ಒಬ್ಬೊಬ್ಬರಾಗಿ ನನ್ನನ್ನು ಸಂತೈಸಲು ಬಂದರು. ಬರಿಗೈಯಲ್ಲಿ ಬರಲಾದೀತೇ? ಒಬ್ಬರು ಕೋಡುಬಳೆ, ಇನ್ನೊಬ್ಬರು ರವೆ ಉಂಡೆ, ಎದುರು ಮನೆಯ ಸಾಹೇಬರ ಮನೆಯಿಂದ ಬಟ್ಟಲು ತುಂಬ ಶ್ಯಾವಿಗೆಯ ಶೀರ್ ಖುರ್ಮಾ. ಅವರ ಮನಸ್ಸು ನೋಯಬಾರದೆಂದು ಎಲ್ಲವನ್ನೂ ತಿಂದೆ. ಚಿಕಿತ್ಸೆಯ ಮೊದಲ ತಿಂಗಳಲ್ಲಿ ನನ್ನ ತೂಕ ಎರಡು ಕಿಲೋ ಏರಿತು.

ಸಂತೈಸದೆ ಉಳಿದವಳು ನನ್ನ ಹೆಂಡತಿ ಸರೋಜ ಒಬ್ಬಳೇ. “ನನ್ನ ಅಡುಗೆ ಮೇಲೆ ದೂರು ಹೇಳಕ್ಕೆ ಡಾಕ್ಟರ ಹತ್ರ ಹೋಗ್ತೀರಾ? ಇಷ್ಟ ಇಲ್ದಿದ್ರೆ ನನಗೇ ಹೇಳ್ಬಹುದಿತ್ತಲ್ರೀ” ಎಂದವಳು ಮಾತು ನಿಲ್ಲಿಸಿಬಿಟ್ಟಳು. ಹದಿಮೂರು ವರ್ಷದ ಸಂಸಾರದಲ್ಲಿ ಹಾಗಾದದ್ದು ಅದೇ ಮೊದಲು. ಮೌನವಾಗಿ ಬಡಿಸುವಳು, ಮೌನವಾಗಿ ತಟ್ಟೆ ಎತ್ತುವಳು. ಊರೆಲ್ಲ ನನ್ನನ್ನು ಹುಚ್ಚನೆಂದಾಗ ನಕ್ಕವನಿಗೆ ಈಗ ನಿಜಕ್ಕೂ ಭಯವಾಯಿತು. ತೂಕ ಹಾಳಾಗಿಹೋಗಲಿ, ಇವಳು ಮಾತಾಡಿದರೆ ಸಾಕಪ್ಪಾ ಎನ್ನಿಸಿತು.

ಇದನ್ನು ಹೇಳಿಕೊಂಡಾಗ ಮೇಡಂ ಇಬ್ಬರನ್ನೂ ಒಟ್ಟಿಗೆ ಕರೆಸಿದರು. ಹಿಂದಿನ ಯಾವುದಾದರೊಂದು ಮಾಮೂಲಿ ದಿನದ ಊಟವನ್ನು ತುತ್ತು ಬಿಡದೆ ವರ್ಣಿಸಿ ಎಂದರು. ಈ ವಿಷಯದಲ್ಲಿ ನನ್ನ ಸ್ಮರಣಶಕ್ತಿ ಅಗಾಧವಾದುದು. ನುಗ್ಗೆಕಾಯಿ ಹುಳಿಯ ಎರಡನೆಯ ಸುತ್ತಿಗೆ ಬಂದಾಗ ಮೇಡಂ ಕೈಯೆತ್ತಿ ತಡೆದರು.

“ಆಗ ಹಸಿವಿತ್ತಾ ಸಾರ್?”

“ಇರಲಿಲ್ಲ.”

“ಮತ್ಯಾಕೆ ಹಾಕಿಸ್ಕೊಂಡ್ರಿ?”

“ಹುಳಿ ಹೇಗಿದೆ ಅಂತ ಇವಳು ಕೇಳಿದಳು.”

“ನೀವೇನ್ ಹೇಳಿದ್ರಿ?”

“ತಟ್ಟೆ ಮುಂದೆ ಮಾಡಿದೆ.”

ಮೂರು ವಾರದಿಂದ ತುಟಿ ಬಿಚ್ಚದಿದ್ದ ಸರೋಜ ಕುರ್ಚಿಯಿಂದ ಅರ್ಧ ಎದ್ದಳು. “ಅಯ್ಯೋ ದೇವ್ರೇ! ಅಂದ್ರೆ ಅದು ಚೆನ್ನಾಗಿದೆ ಅಂತಾನಾ? ನಾನು, ಪಾಪ ಹೊಟ್ಟೆ ತುಂಬಿಲ್ಲ ಅಂದ್ಕೊಂಡು ವರ್ಷವರ್ಷಾನೂ ಒಂದೊಂದು ಹಿಡಿ ಅಕ್ಕಿ ಜಾಸ್ತಿ ಹಾಕ್ತಾ ಬಂದೆನಲ್ರೀ! ಬಾಯಿ ಬಿಟ್ಟು ಒಂದ್ಸಲ ಹೇಳಿಲ್ಲ ಮೇಡಂ ಇವ್ರು, ಒಂದೇ ಒಂದ್ಸಲ!” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ತಪ್ಪು ನನ್ನೊಬ್ಬನದಲ್ಲ, ವಂಶಪಾರಂಪರ್ಯವಾಗಿ ಬಂದದ್ದು. ನಮ್ಮ ತಾತನಾಗಲಿ ಅಪ್ಪನಾಗಲಿ ಹೆಂಡತಿಯ ಕೈರುಚಿಯನ್ನು ಅವಳೆದುರಿಗೆ ಹೊಗಳಿದ್ದನ್ನು ಯಾರೂ ಕಂಡಿಲ್ಲ. ಗಂಡಸಾದವನು ‘ಇನ್ನೊಂದು ಸೌಟು’ ಎಂದರೆ ಅದೇ ಪ್ರಶಸ್ತಿಪತ್ರ. ಹೀಗಾಗಿ ಸರೋಜಳಿಗೆ ಸಲ್ಲಬೇಕಾಗಿದ್ದ ಹದಿಮೂರು ವರ್ಷದ ಪ್ರಶಂಸೆಯೆಲ್ಲ ದಾರಿ ತಪ್ಪಿ ನನ್ನ ಸೊಂಟದ ಸುತ್ತ ಶೇಖರವಾಗಿತ್ತು. ನಿಂಬೆರಸಕ್ಕೆ ಇದು ಹೇಗೆ ತಾನೇ ಗೊತ್ತಾಗಬೇಕು, ನೀವೇ ಹೇಳಿ!

ಮೇಡಂ ಕೊಟ್ಟ ಪಥ್ಯ ಇಷ್ಟೇ: ಹೇಳಬೇಕಾದ್ದನ್ನು ಮೊದಲು ಬಾಯಲ್ಲಿ ಹೇಳಿ, ಆಮೇಲೂ ಹಸಿವಿದ್ದರೆ ತಟ್ಟೆ ಮುಂದೆ ಮಾಡಿ. ಕೇಳಲು ಸುಲಭ. ಬಚ್ಚಲುಮನೆಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿ ಬಂದರೂ, ಭಾನುವಾರದ ಊಟದಲ್ಲಿ “ಹುಳಿ ಚೆನ್ನಾಗಿದೆ” ಎಂಬ ಎರಡು ಪದ ನನ್ನ ಗಂಟಲಿನಿಂದ ಲಾರಿ ನಂಬರು ಕೂಗುವ ಧಾಟಿಯಲ್ಲಿ ಹೊರಬಿದ್ದವು. ಸರೋಜ ನಕ್ಕೂ ನಕ್ಕೂ ಸುಸ್ತಾದಳು. ಮಾತೇನೋ ಮರಳಿ ಬಂತು, ನಂಬಿಕೆ ಬರಲಿಲ್ಲ. “ಸಾಕು ಬಿಡ್ರೀ, ಡಾಕ್ಟರಮ್ಮ ಹೇಳ್ಕೊಟ್ಟಿದ್ದನ್ನ ಒಪ್ಪಿಸ್ತಿದ್ದೀರಿ” ಎನ್ನುವಳು. ನಾನು ಪಲ್ಯ ಹೊಗಳಿದೆ, ಗೊಜ್ಜು ಹೊಗಳಿದೆ, ಸಂಸ್ಕೃತ ವಿಶೇಷಣಗಳನ್ನು ಹುಡುಕಿ ತಂದು ತೊವ್ವೆಗೆ ಹಚ್ಚಿದೆ. ವರ್ಷದೊಳಗೆ ಹದಿನಾರು ಕಿಲೋ ಇಳಿದೆ, ಈ ಸಲ ಇಳಿದದ್ದು ಇಳಿದೇ ಉಳಿಯಿತು. ಅವಳು ಮಾತ್ರ ಪ್ರತಿ ಹೊಗಳಿಕೆಗೂ ಅದೇ ಅನುಮಾನದ ನಗೆ ನಕ್ಕು ಒಳಗೆ ಹೋಗುತ್ತಿದ್ದಳು, ಅದು ನನಗೆ ಒಳಗೊಳಗೇ ಚುಚ್ಚುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ, ಬೇಳೆಯ ಜೊತೆಗೊಮ್ಮೆ, ಹುಣಸೆರಸದ ಜೊತೆಗೊಮ್ಮೆ ಉಪ್ಪು ಹಾಕಿದ ಹುಳಿ ನನ್ನ ತಟ್ಟೆಗೆ ಬಂತು. ಮೊದಲ ತುತ್ತಿಗೇ ಕಣ್ಣಲ್ಲಿ ನೀರಾಡಿತು. ಸರೋಜ ಎಂದಿನಂತೆ ಬಾಗಿಲಿಗೊರಗಿ ನಿಂತು “ಹೇಗಿದೆ?” ಎಂದಳು. ನಾಲಿಗೆಯ ತುದಿಯಲ್ಲಿ ವಿಶೇಷಣವೊಂದು ಸಿದ್ಧವಾಗಿತ್ತು. ಆದರೆ ಆ ಉಪ್ಪಿನ ಮುಂದೆ ಅದು ಹೊರಡಲಿಲ್ಲ.

“ಸರೋಜ, ಕೋಪ ಮಾಡ್ಕೋಬೇಡ. ಇವತ್ತು ಬಾಯಿಗಿಡಕ್ಕಾಗಲ್ಲ ಕಣೇ” ಎಂದುಬಿಟ್ಟೆ.

ಇನ್ನೇನು, ಮತ್ತೆ ಮೂರು ವಾರ ಮೌನವೇ ಗತಿ ಎಂದು ತಲೆ ತಗ್ಗಿಸಿದೆ.

“ಹಂಗಾದ್ರೆ,” ಎಂದಳು ಮೆಲ್ಲಗೆ, “ಇಷ್ಟು ದಿನ ಚೆನ್ನಾಗಿದೆ ಅಂದಿದ್ದೆಲ್ಲ ನಿಜಾನೇ ಅನ್ನಿ!”

ಆ ಮುಖದ ಬೆಳಕನ್ನು ನೀವು ನೋಡಬೇಕಿತ್ತು. ಹುಳಿಯ ಪಾತ್ರೆ ಹಾಗೇ ಒಲೆಯ ಮೇಲೆ ಉಳಿಯಿತು. ನಾವಿಬ್ಬರೂ ಮೊಸರನ್ನ ಕಲಸಿಕೊಂಡು, ಹರಟುತ್ತಾ ಉಂಡೆವು.