ಸಂಸೆಯ ಇಂಗ್ಲಿಷ್ ಉಪಚಾರ

ಸಂಸೆಯಲ್ಲಿ ನಾನು ಉಳಿದಿದ್ದ ಹೋಮ್‌ಸ್ಟೇಯ ಅಡುಗೆಮನೆಯಲ್ಲಿ ಬೆಳಿಗ್ಗೆ ಇಂಗ್ಲಿಷ್ ಪಾಠ ನಡೆದಿತ್ತು. ಪಾಠ ಹೇಳುತ್ತಿದ್ದ ಮನೆಯ ಸೊಸೆ ರಶ್ಮಿಗೆ ಹತ್ತಿರದ ಕಳಸ ಪೇಟೆಗೆ ಹೋಗಬೇಕಿತ್ತು. ಜರ್ಮನ್ ಅತಿಥಿಯೊಬ್ಬರನ್ನು ಅತ್ತೆ ಸುಶೀಲಮ್ಮ ಒಬ್ಬರೇ ನಿಭಾಯಿಸಬಲ್ಲರು ಎಂದು ಖಾತ್ರಿಯಾದರೆ ಮಾತ್ರ ರಶ್ಮಿ ಬಸ್ಸು ಹತ್ತುವವರಿದ್ದರು.

ಓದುವುದರಲ್ಲಿ ತೊಂದರೆ ಇರಲಿಲ್ಲ. ಅತಿಥಿ ಮೊಬೈಲಿಗೆ ಕಳಿಸಿದ್ದ ಇಂಗ್ಲಿಷ್ ಸಂದೇಶ ಓದಿ, "ಮೊಟ್ಟೆ ತಿನ್ನಲ್ವಂತೆ, ಕಾಫಿಗೆ ಸಕ್ಕರೆ ಬೇಡ್ವಂತೆ" ಎಂದು ಸುಶೀಲಮ್ಮನವರೇ ಅರ್ಥ ಹೇಳಿದರು. ಎಡವಟ್ಟಾದದ್ದು ಮಾತಿನ ಅಭ್ಯಾಸದಲ್ಲಿ. ರಶ್ಮಿ ಅತಿಥಿಯಂತೆ ನಟಿಸಿ "ನೋ, ಥ್ಯಾಂಕ್ ಯೂ" ಎಂದರೂ ಅತ್ತೆ ಮತ್ತೊಂದು ಕಡುಬು ಬಡಿಸಿಯೇಬಿಟ್ಟರು.

"ಅತ್ತೆ, ಬೇಡ ಅಂದ್ಮೇಲೆ ಓಕೆ ಅಂತ ಬಿಟ್ಬಿಡ್ಬೇಕು."

"ಬೇಡ ಅಂದ ಕೂಡ್ಲೇ ಬಿಟ್ರೆ ಅದೆಂಥ ಉಪಚಾರ ಮಾರಾಯ್ತಿ!"

ಸ್ವಲ್ಪ ಹೊತ್ತಿಗೆ ಅತಿಥಿ ತಿಂಡಿಗೆ ಬಂದರು. ಒಂದು ಕಡುಬು ತಿಂದು, "ನೋ, ಥ್ಯಾಂಕ್ ಯೂ" ಎಂದರು. ಬಾಗಿಲಲ್ಲಿ ನಿಂತಿದ್ದ ರಶ್ಮಿ ಕಣ್ಸನ್ನೆ ಮಾಡಿದರು. ಸುಶೀಲಮ್ಮ "ಓಕೆ" ಎಂದರು. ಪಾತ್ರೆ ಹಿಡಿದ ಕೈ ಮಾತ್ರ ಹಿಂದೆ ಸರಿಯಲಿಲ್ಲ. ಆಮೇಲೆ ಪಾಠದಲ್ಲಿ ಇಲ್ಲದ ವಾಕ್ಯವೊಂದು ನಿಧಾನವಾಗಿ ಬಂತು: "ಇನ್ ಅವರ್ ಹೌಸ್, ಫಸ್ಟ್ ನೋ ಈಸ್ ನಾಟ್ ಕೌಂಟೆಡ್."

ಅತಿಥಿ ಗಟ್ಟಿಯಾಗಿ ನಕ್ಕು ತಟ್ಟೆ ಮುಂದೆ ಚಾಚಿದರು. "ಮೊದಲ್ನೇ ಬೇಡ ಲೆಕ್ಕಕ್ಕಿಲ್ಲ ಅಂದೆ, ಸರಿ ತಾನೆ?" ಎಂದು ಸುಶೀಲಮ್ಮ ಸೊಸೆಯನ್ನು ಕೇಳಿದರು.

ರಶ್ಮಿ ಆಗಲೇ ಚೀಲ ಹೆಗಲಿಗೇರಿಸಿದ್ದರು. ಮೆಟ್ಟಿಲಿಳಿಯುತ್ತ ನನ್ನತ್ತ ತಿರುಗಿ, "ಅದು ನಾನು ಹೇಳ್ಕೊಟ್ಟಿದ್ದಲ್ಲ, ಅತ್ತೇದೇ ಸ್ವಂತದ್ದು" ಎಂದರು.