ಜಗಲಿಯ ಕಂದಾಯ

ನಾಗರತ್ನಳ ಬಚ್ಚಲಿಗೆ ಚರಂಡಿ ನೀರು ನುಗ್ಗಿದ್ದು ಮಳೆಯಿಂದಲ್ಲ, ಪಾಲಿಕೆಯಿಂದಲೂ ಅಲ್ಲ, ನನ್ನ ಜಗಲಿಯಿಂದ. ಬೀದಿಯವರು ಇದನ್ನು ಬೇರೆ ಬೇರೆ ಥರ ಹೇಳುತ್ತಾರೆ. ಮಳೆ ಜಾಸ್ತಿಯಾಯಿತು ಅನ್ನುವವರಿದ್ದಾರೆ, ಕಂಟ್ರಾಕ್ಟರು ಸರಿಯಿಲ್ಲ ಅನ್ನುವವರಿದ್ದಾರೆ, ನಾಗರತ್ನಳ ಮನೆಯ ವಾಸ್ತುವೇ ಕೆಟ್ಟಿದೆ ಅಂದ ಪುಣ್ಯಾತ್ಮರೂ ಇದ್ದಾರೆ. ಕಲ್ಲು ಎತ್ತಿದಾಗ ಒಳಗೆ ಬಗ್ಗಿ ನೋಡಿದವಳು ನಾನು. ಅದಕ್ಕೇ ಹೇಳುತ್ತಿದ್ದೇನೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮನೆ ಕಂದಾಯದ ವಿಷಯ ಬರೆಯಲು ನಿನಗೇನು ಗೊತ್ತು ಅಂತ ನೀವು ಕೇಳಬಹುದು. ಕಟ್ಟುವವಳು ನಾನು. ಮನೆ ನನ್ನ ಹೆಸರಿನಲ್ಲಿದೆ, ಖಾತೆ ನನ್ನ ಹೆಸರಿನಲ್ಲಿದೆ, ಸೋರುವ ತಾರಸಿಯೂ ನನ್ನ ಹೆಸರಿನಲ್ಲೇ ಸೋರುತ್ತದೆ. ಈ ಬರಹದ ಒತ್ತಕ್ಷರಗಳನ್ನು ಸೊಸೆ ಸುಮಿತ್ರ ತಿದ್ದಿಕೊಟ್ಟಳು. ಮಾತನ್ನೂ ತಿದ್ದಲು ಬಂದಳು, ಅದಕ್ಕೆ ಬಿಡಲಿಲ್ಲ.

ಮೊದಲು ಈ ಊರಿನ ಬಗ್ಗೆ ನನಗಿರುವ ಒಂದು ಬೆರಗನ್ನು ಹೇಳಿಬಿಡುತ್ತೇನೆ. ನನ್ನ ತವರು ನಂಜನಗೂಡಿನ ಕಡೆಯ ಹಳ್ಳಿ. ಅಲ್ಲಿ ಜಮೀನು ಅಳೆಯಲು ಸರಪಳಿ ಹಿಡಿದುಕೊಂಡು ಬರುತ್ತಿದ್ದರು. ಬಂದ ದಿನ ನಮ್ಮಜ್ಜಿ ಕೋಳಿ ಕುಯ್ಯಿಸುತ್ತಿದ್ದಳು. ಸಾರು ಖಾರವಾಗಿದ್ದರೆ ಅಳೆಯುವವನ ಕೈ ಸಡಿಲವಾಗುತ್ತದೆ ಅಂತ ಅವಳ ನಂಬಿಕೆ. ಸಡಿಲವಾಗುತ್ತಿತ್ತೋ ಇಲ್ಲವೋ, ಕೋಳಿಯಂತೂ ಹೋಗುತ್ತಿತ್ತು. ಮೈಸೂರಿಗೆ ಸೊಸೆಯಾಗಿ ಬಂದ ಎಷ್ಟೋ ವರ್ಷಗಳ ಮೇಲೆ ಇಲ್ಲಿ ಸ್ವಯಂ ಘೋಷಣೆ ಅನ್ನುವುದು ಬಂತು. ನಿಮ್ಮ ಮನೆ ಎಷ್ಟಿದೆ ಅಂತ ನೀವೇ ಅಳೆಯಿರಿ, ನೀವಿದ್ದೀರೋ ಬಾಡಿಗೆಗೆ ಕೊಟ್ಟಿದ್ದೀರೋ ನೀವೇ ಹೇಳಿ, ಲೆಕ್ಕ ಹಾಕಿ ನೀವೇ ಕಟ್ಟಿ ಅಂತ. ಅಂದರೆ ಇಷ್ಟು ದೊಡ್ಡ ಊರು ನನ್ನ ಮಾತನ್ನು ನಂಬುತ್ತದೆ! ನಮ್ಮ ಯಜಮಾನರು ಬದುಕಿದ್ದಷ್ಟು ಕಾಲ, ಸಾರಿಗೆ ಉಪ್ಪು ಹಾಕಿದ್ದೇನೆ ಅಂದರೂ ನಾಲಿಗೆಗೆ ಹಚ್ಚಿ ನೋಡಿಯೇ ನಂಬುತ್ತಿದ್ದರು. ಹೀಗಾಗಿ ಕಂದಾಯ ಅಂದರೆ ಉಳಿದವರಿಗೆ ಹೊಟ್ಟೆ ಉರಿದರೆ, ನನಗೆ ಒಂದು ಥರದ ಮರ್ಯಾದೆ ಸಿಕ್ಕ ಹಾಗೆ.

ಆದರೆ ನಂಬುವವರು ಸಿಕ್ಕಾಗ ಜನ ಏನು ಮಾಡುತ್ತಾರೆ ಅನ್ನುವುದು ನಿಮಗೂ ಗೊತ್ತು. ನಮ್ಮ ಬೀದಿಯಲ್ಲಿ ಪ್ರತಿ ಮನೆಗೂ ಎರಡು ಅಳತೆ. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗ ಒಂದು, ಏಪ್ರಿಲ್ ತಿಂಗಳಿನಲ್ಲಿ ಕಂದಾಯ ಕಟ್ಟುವಾಗ ಒಂದು. ನಮ್ಮ ಪಕ್ಕದ ಮನೆಯ ಮೂರ್ತಿ ಮೇಷ್ಟ್ರನ್ನೇ ನೋಡಿ. ಅವರ ತಾತ ಅರಮನೆಯಲ್ಲಿ ಪುರಾಣ ಓದುತ್ತಿದ್ದವರು, ಇವರು ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿದವರು. ಮಗಳ ಸಂಬಂಧ ನೋಡುವಾಗ ಗಂಡಿನವರನ್ನು ಮಹಡಿಗೆ ಹತ್ತಿಸಿ, ಇಳಿಸಿ, ಹಿತ್ತಿಲಿಗೆ ಕರೆದೊಯ್ದು, ಆ ಮನೆ ಮುಗಿಯುವುದೇ ಇಲ್ಲವೇನೋ ಅನ್ನಿಸಿದರು. ಕಂದಾಯದ ಹೊತ್ತಿಗೆ ಮಹಡಿ ಅನ್ನುವುದು ಬರೀ ಮೆಟ್ಟಿಲಾಯಿತು, ಹಿತ್ತಿಲು ಗಾಳಿಯಾಯಿತು. ಮೇಷ್ಟ್ರು ಕೆಟ್ಟವರಲ್ಲ. ಈ ಊರಿಗೆ ಅರಸರ ಕಾಲದಲ್ಲೇ ಮುನಿಸಿಪಾಲಿಟಿ ಬಂತು, ಅಗಲ ರಸ್ತೆ ಬಂತು, ನಲ್ಲಿ ಬಂತು ಅಂತ ಎಷ್ಟು ಚೆನ್ನಾಗಿ ಹೇಳುತ್ತಾರೆಂದರೆ, ಕೇಳುತ್ತಾ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿಹೋಗುತ್ತದೆ. ಊರಿನ ಮೇಲೆ ಅಭಿಮಾನ ಬೆಟ್ಟದಷ್ಟಿದೆ, ಕಟ್ಟುವಾಗ ಮಾತ್ರ ಕೈ ಗಿಡ್ಡ.

ನಮ್ಮ ಮನೆಯದು ಇದರ ಉಲ್ಟಾ ಕಥೆ. ನಮ್ಮ ಯಜಮಾನರು ಗಾರೆ ಮೇಸ್ತ್ರಿ. ಮೊದಲ ಸಲ ಮನೆ ಅಳೆದಾಗ ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಜಗಲಿಯ ಅಂಚಿನಲ್ಲಿ ಒತ್ತಿ ಹಿಡಿಯಲು ಹೇಳಿದರು. ಹಿಡಿದೆ. ನಮ್ಮ ಪ್ರಕಾರ ಮನೆ ಶುರುವಾಗುವುದೇ ಜಗಲಿಯಿಂದ. ಯಾದವಗಿರಿಯ ಬಂಗಲೆಗಳಲ್ಲಿ ಗೇಟಿನಿಂದ ಶುರುವಾಗುತ್ತದೆ, ವಿಜಯನಗರದಲ್ಲಿ ಕಾರು ನಿಲ್ಲಿಸುವ ಜಾಗದಿಂದ. ನಮ್ಮ ಹಳೆಯ ಮೊಹಲ್ಲಾದಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಬಾಗಿಲು, ಬಾಗಿಲ ಮುಂದೆ ಜಗಲಿ, ಜಗಲಿ ಇಳಿದರೆ ರಸ್ತೆ. ಜಗಲಿಯ ಮೇಲೆ ಕೂತವರು ನಮ್ಮ ಮನೆಗೆ ಬಂದವರು. ಅವರಿಗೆ ನೀರು ಕೊಡಬೇಕು, ಊಟದ ಹೊತ್ತಾದರೆ ಊಟಕ್ಕೆ ಏಳಿ ಅನ್ನಬೇಕು. ಅವರು ಏಳದಿದ್ದರೆ ಒಳಗೊಳಗೇ ಸಮಾಧಾನಪಡಬೇಕು. ರಸ್ತೆಯಲ್ಲಿ ನಿಂತವರಿಗೆ ಇದೊಂದೂ ಇಲ್ಲ. ಅಂದ ಮೇಲೆ ಜಗಲಿ ಮನೆಯಲ್ಲದೆ ಇನ್ನೇನು? ಅದನ್ನೂ ಸೇರಿಸಿ ಬರೆಸಿದೆವು. ವರ್ಷಾ ವರ್ಷ ಅದೇ ಅಳತೆ, ಏಪ್ರಿಲಿನ ರಿಯಾಯಿತಿ ಮುಗಿಯುವುದರೊಳಗೆ ವಲಯ ಕಚೇರಿಯ ಕೌಂಟರು. ಜಗಲಿ ಕಟ್ಟಿದವರೂ ನಮ್ಮ ಯಜಮಾನರೇ. ಚೆನ್ನಾಗೇನೂ ಕಟ್ಟಿರಲಿಲ್ಲ. ಇಳಿಜಾರು ಒಳಮುಖವಾಗಿ, ಮಳೆ ಬಂದರೆ ನಡುವೆ ನೀರು ನಿಲ್ಲುತ್ತಿತ್ತು. ಸತ್ತವರ ಕೈಕೆಲಸ ಅಂತ ಸುಳ್ಳು ಹೇಳಲಾರೆ.

ಕಟ್ಟಿದ್ದಕ್ಕೆ ಏನು ಸಿಗುತ್ತದೆ ಅಂತ ಕೇಳುವವರಿಗೆ ನಾನು ಹೇಳುವುದು, ಒಂದು ದಿನ ಬೆಳಿಗ್ಗೆ ಎದ್ದು ಬೀದಿಯಲ್ಲಿ ನಿಂತು ನೋಡಿ ಅಂತ. ಕತ್ತಲು ಪೂರ್ತಿ ಹರಿದಿರುವುದಿಲ್ಲ, ಪೌರಕಾರ್ಮಿಕರು ಪೊರಕೆ ಹಿಡಿದು ಬಂದಿರುತ್ತಾರೆ. ನಾವು ರಾತ್ರಿ ಉಂಡು ಎಸೆದದ್ದನ್ನು ನಾವು ಹಲ್ಲುಜ್ಜುವ ಮೊದಲು ಗುಡಿಸಿರುತ್ತಾರೆ. ಆಮೇಲೆ ಗಾಡಿಯವನ ಸೀಟಿ. ಹಸಿ ಕಸ, ಒಣ ಕಸ ಬೇರೆ ಮಾಡದೆ ಕೊಟ್ಟರೆ ಅವನು ಡಬ್ಬವನ್ನು ನಮ್ಮ ಕೈಗೇ ವಾಪಸ್ ಇಡುತ್ತಾನೆ, ಬೈಯುವುದೂ ಬೇಡ, ಅವನ ನೋಟವೊಂದೇ ಸಾಕು. ಸಂಜೆ ಬೀದಿ ದೀಪ ತಾನಾಗಿ ಹತ್ತುತ್ತದೆ. ದಸರಾ ಮೆರವಣಿಗೆ ಬನ್ನಿಮಂಟಪಕ್ಕೆ ಹೋಗುವ ದಾರಿಯನ್ನು ಮಾತ್ರ ಚೊಕ್ಕ ಮಾಡುತ್ತಾರೆ ಅಂತ ದೂರುವವರಿದ್ದಾರೆ. ದೂರಲಿ. ಆನೆ ನಮ್ಮ ಬೀದಿಗೆ ಬರುವುದಿಲ್ಲ, ಪೊರಕೆ ಬರುತ್ತದೆ. ಆ ಪೊರಕೆಯಲ್ಲಿ ನನ್ನ ಜಗಲಿಯದೂ ಒಂದು ಕಡ್ಡಿ ಇದೆ ಅಂತ ನನಗೆ ಜಂಬ.

ಈ ಜಂಬ ಇಳಿದದ್ದು ಹೋದ ಬೇಸಿಗೆಯಲ್ಲಿ. ಪಾಲಿಕೆಯ ಸುದ್ದಿಯೆಲ್ಲ ಈಗ ವಾರ್ಡಿನ ವಾಟ್ಸಾಪಿಗೆ ಬರುತ್ತದೆ. ಸುಮಿತ್ರ ರೊಟ್ಟಿ ತಟ್ಟುತ್ತಾ ಓದುತ್ತಾಳೆ, ನಾನು ತಿನ್ನುತ್ತಾ ಕೇಳುತ್ತೇನೆ. ಇ-ಖಾತೆ ಮಾಡಿಸಿಕೊಳ್ಳಿ, ನೀರು ನಾಳೆ ತಡವಾಗುತ್ತದೆ, ಇಂಥ ಬೀದಿಯಲ್ಲಿ ನಾಯಿಗೆ ಚುಚ್ಚುಮದ್ದು. ಒಂದು ದಿನ, ನಮ್ಮ ಬೀದಿಯ ಚರಂಡಿ ಹೂಳು ತೆಗೆಯುತ್ತಾರೆ, ಮೇಲೆ ಕಟ್ಟಿಕೊಂಡಿರುವ ಜಗಲಿಗಳನ್ನು ತೆರವು ಮಾಡಬೇಕು ಅಂತ ಬಂತು. ರೊಟ್ಟಿ ತಟ್ಟೆಗಿಟ್ಟು, ಇನ್ನೊಂದು ಸಲ ಓದು ಅಂದೆ.

ಹೂಳು ತೆಗೆಯಿರಿ ಅಂತ ಅರ್ಜಿ ಕೊಟ್ಟವಳು ನಾಗರತ್ನ. ಅವಳದು ನಮ್ಮ ಇನ್ನೊಂದು ಪಕ್ಕದ ಮನೆ, ಚರಂಡಿಯ ಮೇಲ್ಗಡೆಗೆ. ನೀರು ಅವಳ ಮನೆಯ ಮುಂದಿನಿಂದ ನಮ್ಮ ಜಗಲಿಯ ಕೆಳಗೆ ನುಗ್ಗಿ, ಮೇಷ್ಟ್ರ ಜಗಲಿಯ ಕೆಳಗೆ ಹಾದು, ತಿರುವಿನ ದೊಡ್ಡ ಚರಂಡಿಗೆ ಸೇರಬೇಕು. ರಸ್ತೆಗೆ ಟಾರು ಹಾಕಿ ಹಾಕಿ ಎತ್ತರವಾಗಿ, ಅವಳ ಮನೆ ಈಗ ಗುಳಿಯಲ್ಲಿದೆ. ಮುಂದೆ ಎಲ್ಲಾದರೂ ಕಟ್ಟಿಕೊಂಡರೆ ನೀರು ಹಿಂದಕ್ಕೆ ತಿರುಗಿ ಅವಳ ಬಚ್ಚಲಿನಲ್ಲಿ ಏಳುತ್ತದೆ. ಪ್ರತಿ ವರ್ಷ ಬಳಿದು ಚೆಲ್ಲಿ ಸುಮ್ಮನಾಗುತ್ತಿದ್ದಳು. ಈ ಸಲ ಮಗಳು ಪಲ್ಲವಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಬಾಣಂತಿಯನ್ನೂ ಕೂಸನ್ನೂ ಆ ನೀರಿನಲ್ಲಿ ಇಟ್ಟುಕೊಳ್ಳುವುದು ಹೇಗೆ?

ಇಂಜಿನಿಯರು ಬಂದಳು. ಚೈತ್ರ ಅಂತ ಹೆಸರು. ಬಿಸಿಲಿಗೆ ಮುಖ ಕೆಂಪಗಾಗಿತ್ತು. ಬಂದವಳೇ ನನ್ನ ಜಗಲಿಯ ಮೇಲೆ ಕೂತಳು, ಕೊಟ್ಟ ಮಜ್ಜಿಗೆ ಕುಡಿದಳು, ಲೋಟ ಕೆಳಗಿಟ್ಟು, ಕೂತ ಜಾಗವನ್ನೇ ಕೈಯಲ್ಲಿ ತಟ್ಟಿದಳು.

“ಅಜ್ಜಿ, ಇದು ಹೋಗ್ಬೇಕು.”

“ಕಂದಾಯ ಕಟ್ಟಿವ್ನಿ ಕಣವ್ವ ಇದ್ಕೆ. ಅದೆಂಗ್ ತೆಗ್ದೀಯೆ?”

“ಜಗ್ಲಿಗಾ? ಯಾಕಜ್ಜಿ ಕಟ್ಟುದ್ರಿ?”

“ಯಾಕೆ ಅಂದ್ರೆ? ಮನೆ ಅಲ್ವಾ ಇದು?”

ಅವಳು ಎದ್ದು ಹೊಸ್ತಿಲ ಹೊರಗಿನ ಗೋಡೆಗೆ ಕಾಲು ಒತ್ತಿ ನಿಂತಳು. “ನಿಮ್ಮನೆ ಇಲ್ಲಿಗ್ ಮುಗೀತು. ಈಚೆಗಿರೋದೆಲ್ಲ ರಸ್ತೇದು. ನೀವು ಇಷ್ಟ್ ವರ್ಷ ಚರಂಡಿಗೆ ಕಂದಾಯ ಕಟ್ಟಿದೀರಿ.”

“ಇಸ್ಕೊಂಡೋರ್ಗೆ ಗೊತ್ತಾಗ್ಲಿಲ್ವಾ? ರಸೀತಿ ಕೊಟ್ಟವ್ರಲ್ಲ!”

“ನೀವ್ ಹೇಳುದ್ರಿ, ನಾವ್ ನಂಬುದ್ವಿ. ಕಂದಾಯ ಕಟ್ಟುದ್ ತಕ್ಷಣ ಜಾಗ ನಿಮ್ದಾಗಲ್ಲ ಅಜ್ಜಿ. ಹಂಗಾಗಿದ್ರೆ ನಾನು ಅರಮನೆಗೇ ಕಟ್ತಿದ್ದೆ.”

ಬೀದಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಆದರೆ ಒಂದು ಮಾತು, ಆ ಹುಡುಗಿ ನನಗೆ ಅಲ್ಲೇ ಹಿಡಿಸಿಬಿಟ್ಟಳು. ಮಜ್ಜಿಗೆ ಕುಡಿದೂ ಅಳತೆ ಸಡಿಲ ಮಾಡಲಿಲ್ಲವಲ್ಲ! ನಮ್ಮಜ್ಜಿಯ ಕೋಳಿಗಳೆಲ್ಲ ನೆನಪಿಗೆ ಬಂದವು, ಪಾಪ, ದಂಡಕ್ಕೆ ಸತ್ತವು.

ಮೇಷ್ಟ್ರು ತಮ್ಮ ಜಗಲಿಯಿಂದ ಕತ್ತು ಚಾಚಿದರು. “ನೋಡಿ ತಾಯಮ್ಮನೋರೆ, ನಾನು ಜಗಲೀನ ಬರ್ಸೇ ಇಲ್ಲ. ಲೆಕ್ಕದಲ್ಲೇ ಇಲ್ದಿರೋದನ್ನ ಇವರು ಒಡೆಯೋದು ಹೇಗೆ?” ಅಂದರು. ಓದಿದವರ ಬುದ್ಧಿಗೆ ನಾನು ಯಾವತ್ತೂ ಕೈ ಮುಗಿಯುತ್ತೇನೆ. ನಾನು ಬರೆಸಿದ್ದಕ್ಕೆ ನನ್ನದು ಅಂದುಕೊಂಡೆ, ಅವರು ಬರೆಸದೇ ಇದ್ದದ್ದಕ್ಕೆ ಅವರದು ಅಂದುಕೊಂಡರು. ಜಗಲಿ ಇಬ್ಬರದೂ ಅಲ್ಲ.

ಯಾರೂ ಒಪ್ಪಲಿಲ್ಲ. ಅವರದು ಮೊದಲಾಗಲಿ, ಇವರದು ಮೊದಲಾಗಲಿ ಅಂತ ಕೂಗಾಡಿದರು. ಕಾರ್ಪೊರೇಟರ ಹತ್ತಿರ ಹೋಗೋಣ ಅಂದರೆ ಚುನಾವಣೆಯೇ ಆಗಿಲ್ಲ, ಆ ಕುರ್ಚಿ ಖಾಲಿ. ಚೈತ್ರ ನಾಳೆ ಬರುತ್ತೇನೆ ಅಂತ ಹೊರಟಳು. ಇಷ್ಟಾದರೂ ನಾಗರತ್ನ ಬಾಯಿ ಬಿಡಲಿಲ್ಲ. ದಿನಾ ಸಂಜೆ ನನ್ನ ಜಗಲಿಯ ಮೇಲೆ ಕೂತು ಹೂ ಕಟ್ಟುವವಳು ಅವತ್ತು ಬಂದು ಕೂರಲೂ ಇಲ್ಲ. ಅದು ನನಗೆ ಚುಚ್ಚಿತು.

ಸಂಜೆ ಮಳೆ ಹೊಡೆಯಿತು. ನಿಂತ ಮೇಲೆ ಅವಳ ಮನೆಗೆ ಹೋದೆ. ಕರುಣೆಯಿಂದಲ್ಲ, ಹೂ ಕಟ್ಟಲು ಯಾಕೆ ಬರಲಿಲ್ಲ ಅಂತ ಕೇಳಿ ಜಗಳವಾಡಲು. ಬಚ್ಚಲು ದಾಟಿ ಪಡಸಾಲೆಗೆ ನೀರು ಬಂದಿತ್ತು. ಪಲ್ಲವಿಯ ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಎತ್ತರಿಸಿದ್ದರು. ತುಂಬಿದ ಬಸುರಿ ಅದರ ಮೇಲೆ ಕಾಲು ಮಡಿಸಿಕೊಂಡು ದೋಣಿಯಲ್ಲಿ ಕೂತ ಹಾಗೆ ಕೂತಿದ್ದಳು.

“ಬನ್ನಿ ಅಜ್ಜಿ, ಹುಷಾರು, ಜಾರ್ತದೆ” ಅಂದಳು.

“ನಿಮ್ಮವ್ವ ಯಾಕ್ ಮಾತಾಡಲ್ಲ?”

ನಾಗರತ್ನ ಗೋರುತ್ತಿದ್ದ ತಟ್ಟೆಯಿಂದ ಕಣ್ಣೆತ್ತಲಿಲ್ಲ. “ಏನಂತ ಮಾತಾಡ್ಲಿ ತಾಯಕ್ಕ? ದಿನಾ ಕೂತ್ಕೊಳ್ಳೋ ಜಗ್ಲಿ. ಅದ್ನ ಒಡೀರಿ ಅಂತ ಯಾವ್ ಬಾಯಲ್ ಕೇಳ್ಳಿ?”

ನಾನು ಜಗಳವಾಡಲಿಲ್ಲ. ಇನ್ನೊಂದು ತಟ್ಟೆ ತೆಗೆದುಕೊಂಡು ಗೋರಿದೆ. ಮನೆಗೆ ಬಂದು ಸುಮಿತ್ರಳಿಗೆ, ಆ ಹುಡುಗಿಗೆ ಫೋನು ಮಾಡು, ನಮ್ಮದನ್ನೇ ಮೊದಲು ಒಡೆಯಲಿ ಅಂದೆ. ಸುಮಿತ್ರ ನನ್ನ ಹಣೆ ಮುಟ್ಟಿ ನೋಡಿದಳು.

ಮಾರನೆಯ ದಿನ ಮಧ್ಯಾಹ್ನ ಒಡೆದರು. ಕಲ್ಲು ಚಪ್ಪಡಿ ಎತ್ತಿದಾಗ ಕಂಡದ್ದೇ ಬೇರೆ. ಜಗಲಿ ಕುಸಿಯದಿರಲಿ ಅಂತ ನಮ್ಮ ಮೇಸ್ತ್ರಿ ಯಜಮಾನರು ಚರಂಡಿಯ ನಟ್ಟನಡುವೆ ಇಟ್ಟಿಗೆಯ ಗಟ್ಟಿ ಕಂಬ ಎಬ್ಬಿಸಿದ್ದರು. ಬೀದಿಯ ಕಸವೆಲ್ಲ ಅದಕ್ಕೇ ಬಂದು ತಬ್ಬಿಕೊಂಡಿತ್ತು. ಬಾಳೆಲೆ, ಚಿಪ್ಪು, ಪ್ಲಾಸ್ಟಿಕ್ಕು, ನಮ್ಮದೇ ಮನೆಯ ಒಂದು ಸ್ಟೀಲಿನ ಲೋಟ. ಆ ಲೋಟಕ್ಕೋಸ್ಕರ ಒಬ್ಬ ಕೆಲಸದವಳನ್ನು ಅನುಮಾನಿಸಿದ್ದೆ, ಅದು ಹಾಗಿರಲಿ. ಇಳಿಜಾರು ಬಾರದ ಮೇಸ್ತ್ರಿ ಕಂಬವನ್ನು ಮಾತ್ರ ಎಷ್ಟು ಭದ್ರವಾಗಿ ಕಟ್ಟಿದ್ದರೆಂದರೆ, ಇಬ್ಬರು ಆಳು ಬೆವರು ಸುರಿಸಿದರು. ಕಂಬ ಉರುಳಿದ ಕೂಡಲೇ ನಾಗರತ್ನಳ ಮನೆಯ ಕಡೆಯಿಂದ ನೀರು ಬುಳುಬುಳು ಅಂತ ಇಳಿದು ಬಂತು. ಬಂದು, ಮೇಷ್ಟ್ರ ಜಗಲಿಯ ಬಾಯಿಗೆ ಹೋಗಿ ನಿಂತುಬಿಟ್ಟಿತು.

“ಅವ್ರದೂ ತೆಗೀಬೇಕು ಅಜ್ಜಿ. ಇಲ್ದಿದ್ರೆ ಮುಂದಿನ್ ಮಳೇಲಿ ಮತ್ತೆ ಹಿಂದಕ್ಕೇ” ಅಂದಳು ಚೈತ್ರ. ಮೇಷ್ಟ್ರು ಬಾಗಿಲು ಹಾಕಿಕೊಂಡಿದ್ದರು.

ಹೋಗುವ ಮುಂಚೆ ಅವಳು ನನಗೊಂದು ಬುದ್ಧಿ ಹೇಳಿದಳು. ಮುಂದಿನ ಸಲ ಅಳತೆ ಸರಿಯಾಗಿ ಬರೆಸಿ, ಹಿಂದೆ ಜಾಸ್ತಿ ಕಟ್ಟಿದ್ದಕ್ಕೆ ಬೇಕಾದರೆ ಅರ್ಜಿ ಕೊಡಿ, ಸಾಹೇಬರು ನೋಡುತ್ತಾರೆ ಅಂತ. ಸುಮಿತ್ರಳ ಕಣ್ಣು ಅರಳಿತು. ನಾನು ಬೇಡವೆಂದೆ. ಊರಿನ ಜಾಗದಲ್ಲಿ ಅಷ್ಟು ವರ್ಷ ಕೂತು ಅವರೆಕಾಯಿ ಸುಲಿದಿದ್ದೇನೆ, ಬೀದಿಯ ಸೊಸೆಯರನ್ನೆಲ್ಲ ಅಲ್ಲೇ ಕೂತು ಆಡಿಕೊಂಡಿದ್ದೇನೆ. ಕೂತದ್ದಕ್ಕೆ ಬಾಡಿಗೆ ಅಂದುಕೊಂಡರಾಯಿತು. ಸುಳ್ಳು ಅಳತೆ ಬರೆಸಿದವರಿಂದ ಊರಿಗೆ ಎಷ್ಟು ಖೋತಾ ಆಗಿದೆಯೋ, ಅದರಲ್ಲಿ ಒಂದು ಚೂರು ನನ್ನ ದಡ್ಡತನದಿಂದ ತುಂಬಿದ್ದರೆ ತುಂಬಲಿ. ಜಗಲಿಯಿಂದ ಮನೆ ಶುರು ಅನ್ನುವುದನ್ನು ನಾನು ಈಗಲೂ ಬಿಟ್ಟಿಲ್ಲ. ಆದರೆ ನಮ್ಮ ಮನೆ ಶುರುವಾಗುವ ಜಾಗದಲ್ಲೇ ಇನ್ನೊಬ್ಬರ ಮನೆಯ ನೀರು ಹರಿಯಬೇಕು ಅನ್ನುವುದನ್ನು ಯಾವ ಟೇಪೂ ತೋರಿಸುವುದಿಲ್ಲ, ಬಗ್ಗಿ ನೋಡಬೇಕು.

ಮಾರನೆಯ ಬೆಳಿಗ್ಗೆ ಕಸದ ಗಾಡಿಯ ಸೀಟಿಗೂ ಮೊದಲು ಎದ್ದು, ಯಜಮಾನರ ಹಳೆಯ ಸುತ್ತಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಪೇಪರು ಓದುತ್ತಾ ಕೂತಿದ್ದರು. “ಬನ್ನಿ ತಾಯಮ್ಮನೋರೆ, ಕೂತ್ಕೊಳ್ಳಿ” ಅಂದರು. ಕೂತೆ. ಅವರ ಮನೆಯವರು ಕಾಫಿ ತಂದರು. ಕುಡಿದೆ, ಚೆನ್ನಾಗಿತ್ತು. ಲೋಟವನ್ನು ಚರಂಡಿಗೆ ಬೀಳದ ಹಾಗೆ ಒಳಗೆ ಹೊಸ್ತಿಲ ಆಚೆ ಇಟ್ಟು, ಸುತ್ತಿಗೆ ಈಚೆ ತೆಗೆದು, “ಏಳಿ ಮೇಷ್ಟ್ರೇ” ಅಂದೆ.