ಬಿಡ್ತು ಅನ್ನು

ನನ್ನ ಹೆಂಡತಿಯ ಎದುರು ಯಾರೂ ಅಶುಭದ ಮಾತಾಡುವಂತಿಲ್ಲ. ಬಾಯಿ ತಪ್ಪಿ ಆಡಿದರೆ ತಕ್ಷಣ "ಬಿಡ್ತು ಅನ್ನು" ಎನ್ನುತ್ತಾಳೆ. "ಬಿಡ್ತು" ಎಂದು ಹೇಳಿಸಿ, ಆಡಿದ್ದು ಅಲ್ಲಿಗೆ ಕಳೆಯಿತು ಎಂದು ಖಾತ್ರಿಯಾದ ಮೇಲೆಯೇ ಮುಂದಿನ ಕೆಲಸ. ಮೈಸೂರು ಬಿಟ್ಟು ಮಿಷಿಗನ್ನಿಗೆ ಬಂದು ಎಷ್ಟು ವರ್ಷವಾದರೂ ಈ ಪದ್ಧತಿ ಹೋಗಲಿಲ್ಲ. ಮಗ ಚಿಕ್ಕವನಿದ್ದಾಗ ಇದೇನೆಂದು ಕೇಳಿದ್ದ. ಅವನಿಗೆ ಸುಲಭವಾಗಲಿ ಅಂತ "ಐ ಟೇಕ್ ಇಟ್ ಬ್ಯಾಕ್ ಅಂತ ಅರ್ಥ ಕಣೋ" ಎಂದಿದ್ದೆ. ಅಂದಿನಿಂದ ಅವನು ಅಮ್ಮನಿಗೆ ಇಂಗ್ಲಿಷಿನಲ್ಲೇ ಬಿಡ್ತು ಅನ್ನುತ್ತಿದ್ದ.

ನಮ್ಮವರ ಮಕ್ಕಳೆಲ್ಲ ಆನ್ ಆರ್ಬರ್‌ನಲ್ಲಿ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾಗ ಇವನು ಹಟ ಹಿಡಿದು ಅಮೆರಿಕದ ಸೈನ್ಯ ಸೇರಿದ. ಇರಾಕಿನಲ್ಲಿ ಅವನ ಗಾಡಿಯ ಪಕ್ಕದಲ್ಲೇ ಬಾಂಬು ಸಿಡಿಯಿತು. ಮೈಮೇಲೆ ಒಂದು ಗೀರೂ ಇಲ್ಲ. ಸೈನ್ಯ ಬಿಟ್ಟು ಮನೆಗೆ ಬಂದವನು ನೆಲದಡಿಯ ಬೇಸ್‌ಮೆಂಟ್ ಸೇರಿಬಿಟ್ಟ. ಕಿವಿಯಲ್ಲಿ ಸದಾ ಗುಂಯ್ ಎನ್ನುವ ಸದ್ದು, ಕಣ್ಣಿಗೆ ನಿದ್ದೆಯಿಲ್ಲ. ಯಾರು ಕೇಳಿದರೂ "ಐ ಯಾಮ್ ಫೈನ್". ಅಂಗವೈಕಲ್ಯದ ಪರಿಹಾರಕ್ಕೆ ಅಪ್ಲೈ ಮಾಡೋ ಎಂದರೆ, ಅದು ಕಾಲು ಕಳಕೊಂಡವರಿಗೆ, ನನಗಲ್ಲ ಎಂದು ಮುಖ ತಿರುಗಿಸುತ್ತಿದ್ದ.

ಅವನು ಬಂದ ಚಳಿಗಾಲದಲ್ಲೇ ಪಕ್ಕದೂರು ವಾರೆನ್‌ನಲ್ಲಿ ನನ್ನ ಕೆಲಸವೂ ಹೋಯಿತು. ನಮ್ಮ ಬಡಾವಣೆಯ ತುಂಬ ಕೆಲಸ ಹೋದವರ ಮನೆ ಮಾರಾಟದ ಬೋರ್ಡುಗಳು. ಹಗಲೆಲ್ಲ ಮನೆಯಲ್ಲಿ ಕೂತು ನನಗೆ ಕಂಡಕಂಡದ್ದಕ್ಕೆಲ್ಲ ರೇಗುತ್ತಿತ್ತು. ಅಡುಗೆಮನೆಯ ಚಾಕುಗಳು ಬೇರೆ ಒಂದೊಂದಾಗಿ ಕಾಣೆಯಾಗುತ್ತಿದ್ದವು. ಹೆಂಡತಿ ಹುರುಳಿಕಾಯಿಯನ್ನು ಕೈಯಲ್ಲೇ ಮುರಿದು ಪಲ್ಯ ಮಾಡುತ್ತಿದ್ದಳು. "ಚಾಕೂನೂ ಜೋಪಾನವಾಗಿ ಇಟ್ಕೊಳಕ್ಕಾಗಲ್ವೇನೇ ನಿಂಗೆ" ಎಂದು ಕೂಗಾಡಿ ಹೊಸದು ತಂದುಕೊಟ್ಟೆ. ಅದೂ ಕಾಣೆಯಾಯಿತು.

ಒಂದು ದಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ಗೆಳೆಯ ಫೋನ್ ಮಾಡಿದ. "ಸೈನ್ಯ ಬಿಟ್ಟು ವರ್ಷದೊಳಗೆ ಅರ್ಜಿ ಹೋದ್ರೆ, ಬಿಟ್ಟ ಮಾರನೇ ದಿನದಿಂದ್ಲೇ ಪರಿಹಾರ ಹಿಡೀತಾರೆ ಕಣಯ್ಯ. ಒಂದು ದಿನ ತಡವಾದ್ರೂ ಅರ್ಜಿ ಕೊಟ್ಟ ದಿನದಿಂದ. ಹಿಂದಿಂದೆಲ್ಲ ಹೋಯ್ತು ಅಂತ್ಲೇ." ಕ್ಯಾಲೆಂಡರ್ ನೋಡಿದೆ. ವರ್ಷ ತುಂಬಲು ವಾರವೂ ಉಳಿದಿರಲಿಲ್ಲ. ದುಡ್ಡು ಬೇಕಿತ್ತು, ಸುಳ್ಳೇಕೆ ಹೇಳಲಿ. ಆದರೆ ನನ್ನನ್ನು ಕಾಡಿದ್ದು ಬೇರೆಯದೇ. ಆ ವರ್ಷ ಲೆಕ್ಕಕ್ಕೆ ಸೇರದಿದ್ದರೆ ನನ್ನ ಮಗ ಅಷ್ಟೂ ದಿನ ಸೋಮಾರಿಯಾಗಿ ಬಿದ್ದುಕೊಂಡಿದ್ದ ಅಂತಲೇ ಆಗುತ್ತಿತ್ತು.

ಮಗನನ್ನು ಬೇಡಿಕೊಂಡೆ, ಬೈದೆ. ಕಡೆಯ ದಿನ ಮಧ್ಯಾಹ್ನ ಒಪ್ಪಿದ, ಅಮ್ಮನೂ ಬಂದರೆ ಮಾತ್ರ ಎಂದ. ಹಿಮ ಬಿದ್ದು ಟ್ವೆಲ್ವ್ ಮೈಲ್ ರೋಡಿನಲ್ಲಿ ಕಾರುಗಳು ತೆವಳುತ್ತಿದ್ದವು. ನಾನು ಸ್ಟೀರಿಂಗ್ ಗುದ್ದಿದೆ. ಹಿಂದಿನ ಸೀಟಿನಲ್ಲಿ ತಾಯಿ ಮಗ ಇಬ್ಬರೂ ಕಿಟಕಿಯಾಚೆಯ ಹಿಮ ನೋಡುತ್ತಿದ್ದರು.

ಮಾಜಿ ಸೈನಿಕರಿಗೆ ಅರ್ಜಿ ತುಂಬಿಕೊಡುವ ಆ ಆಫೀಸು ಮುಚ್ಚುವ ಹೊತ್ತಿಗೆ ಒಳಗೆ ಹೋದೆವು. ಅಲ್ಲಿನ ಅಧಿಕಾರಿಯೂ ಮಾಜಿ ಸೈನಿಕನೇ. ಬಾಗಿಲಿಗೆ ಬೀಗ ಹಾಕಿ ಬಂದು ನಮ್ಮನ್ನು ಕೂರಿಸಿಕೊಂಡ. "ಇವತ್ತೇ ಫ್ಯಾಕ್ಸ್ ಹೋಗ್ಬೇಕು. ಏನೇನು ತೊಂದರೆ ಎಲ್ಲ ಹೇಳು, ಮುಚ್ಚಿಡಬೇಡ" ಎಂದು ಮಗನಿಗೆ ಇಂಗ್ಲಿಷಿನಲ್ಲಿ ಹೇಳಿದ.

ಮಗ ಕಿವಿಯ ವಿಷಯ ಹೇಳಿದ, ನಿದ್ದೆಯ ವಿಷಯ ಹೇಳಿದ. ಆಮೇಲೆ ತಲೆ ತಗ್ಗಿಸಿ, ಒಂದೊಂದು ದಿನ ನಾನು ಅಲ್ಲೇ ಸತ್ತಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ ಎಂದ.

"ಬಿಡ್ತು ಅನ್ನು" ಎಂದಳು ನನ್ನ ಹೆಂಡತಿ. "ಬಿಡ್ತು ಅನ್ನೋ."

"ಐ ಟೇಕ್ ಇಟ್ ಬ್ಯಾಕ್" ಎಂದ ಮಗ.

ಅಧಿಕಾರಿ ಕೀಬೋರ್ಡಿನಿಂದ ಕೈ ತೆಗೆದ. "ಏನು ವಾಪಸ್ ತಗೋತಿದೀಯ? ಈ ಮಾತನ್ನೋ, ಅರ್ಜೀನೋ?"

ಮಗ ಅಮ್ಮನ ಮುಖ ನೋಡಿದ. "ಎವ್ರಿಥಿಂಗ್. ಫರ್ಗೆಟ್ ಇಟ್" ಎಂದವನೇ ಎದ್ದು ಬಾಗಿಲ ಕಡೆ ನಡೆದ.

ನಾನು ಅಧಿಕಾರಿಯ ಮೇಜಿಗೆ ಬಗ್ಗಿದೆ. ಅದು ವಾಪಸ್ ತಗೊಳ್ಳೋದಲ್ಲ, ನಮ್ಮ ಭಾಷೆಯಲ್ಲಿ ಒಂದು ಪದ, ಟಚ್ ವುಡ್ ಇದ್ದ ಹಾಗೆ ಎಂದು ತಡವರಿಸಿದೆ. ಆ ಮನುಷ್ಯ ಪಾಪ, ಗೌರವಕ್ಕೆ ಮರದ ಮೇಜು ಕುಟ್ಟಿದ. "ಆದ್ರೆ ಸಹಿ ಅವನೇ ಹಾಕ್ಬೇಕು ಸರ್. ಅವನು ಬೇಡ ಅಂದ್ರೆ ನಾನು ಕಳಿಸೋ ಹಾಗಿಲ್ಲ."

ಬೀಗ ಹಾಕಿದ್ದ ಬಾಗಿಲನ್ನು ಮಗ ಅಲುಗಾಡಿಸುತ್ತಿದ್ದ. ನಾನು ಕೂಗಬೇಕೆಂದು ಬಾಯಿ ತೆರೆದೆ.

"ನೀವು ಸುಮ್ನಿರಿ" ಎಂದಳು ಹೆಂಡತಿ. ಅಧಿಕಾರಿಯ ಕಡೆ ತಿರುಗಿ ಅಂಗಡಿಗೆ ಹೋದಾಗ ಆಡುವ ತನ್ನ ಹರುಕು ಇಂಗ್ಲಿಷಿನಲ್ಲಿ ಶುರು ಮಾಡಿದಳು. ಇವನು ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು ಕಾರಿನಲ್ಲಿ ಕೂರುತ್ತಾನೆ. ಅದಕ್ಕೇ ಕಾರಿನ ಕೀ ನನ್ನ ದಿಂಬಿನ ಕೆಳಗಿರುತ್ತದೆ. ಇವನು ಮಲಗಿದಾಗ ಉಸಿರಾಡುತ್ತಿದ್ದಾನೋ ಇಲ್ಲವೋ ಅಂತ ಕೆಳಗಿಳಿಯುವ ಮೆಟ್ಟಿಲ ಮೇಲೆ ಕೂತು ಕೇಳುತ್ತೇನೆ. ಮನೆಯ ಚಾಕುಗಳನ್ನೆಲ್ಲ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದೇನೆ. "ನನ್ನ ಮಗ ಸಾಯ್ತಾನೆ ಅಂತ ನಂಗೆ ದಿನಾ ಭಯ" ಎಂದಳು. ಸಾವು ಎಂಬ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಯಾವತ್ತಿನಿಂದ ಹೀಗೆ?" ಎಂದು ಅಧಿಕಾರಿ ಕೇಳಿದ.

"ಅವನು ಬಂದ ಮಾರನೇ ದಿನದಿಂದ."

ಅಧಿಕಾರಿ ಅದನ್ನು ಹಾಗೇ ಟೈಪ್ ಮಾಡಿದ. ಬಾಗಿಲ ಬಳಿಯಿಂದ ಮಗ ಮೆಲ್ಲಗೆ ವಾಪಸ್ ಬಂದ. ಎಷ್ಟೋ ವರ್ಷದ ಮೇಲೆ ಅವನ ಬಾಯಲ್ಲಿ ಕನ್ನಡ ಬಂತು. "ಅಮ್ಮಾ, ಬಿಡ್ತು ಅನ್ನು."

"ಅನ್ನಲ್ಲ ಕಣೋ. ಸೈನ್ ಮಾಡು."

ಮಾಡಿದ. ಫ್ಯಾಕ್ಸ್ ಹೋಯಿತು, ಹೋಯಿತೆಂಬ ಚೀಟಿಯೂ ಬಂತು, ಅದರ ಮೇಲೆ ಅಂದಿನ ತಾರೀಖೇ ಇತ್ತು. ನಾವು ಹೊರಡುವ ಮುಂಚೆ ಅಧಿಕಾರಿ ತಾನೇ ಫೋನ್ ಮಾಡಿ ಮಗನಿಗೆ ಮನೋವೈದ್ಯರ ಭೇಟಿ ಗೊತ್ತುಮಾಡಿದ. ಮರುದಿನ ಬೆಳಿಗ್ಗೆ ನಾನೇ ಅವನನ್ನು ಕೂರಿಸಿಕೊಂಡು, ಮಾಜಿ ಸೈನಿಕರ ಆಸ್ಪತ್ರೆಯಿರುವ ಆನ್ ಆರ್ಬರ್‌ಗೆ ಡ್ರೈವ್ ಮಾಡಿದೆ.

ಸರ್ಕಾರದ ಉತ್ತರ ಬರುವಷ್ಟರಲ್ಲಿ ಮುಂದಿನ ಚಳಿಗಾಲ ಬಂದಿತ್ತು. ಪರಿಹಾರ ಸೈನ್ಯ ಬಿಟ್ಟ ಮಾರನೇ ದಿನದಿಂದ ಎಂದೇ ಬರೆದಿದ್ದರು. ಹೆಂಡತಿ ಆ ಕಾಗದವನ್ನು ದೇವರ ಮುಂದಿಟ್ಟಳು. ಚಾಕುಗಳು ಮಾತ್ರ ಇನ್ನೂ ಬಹಳ ಕಾಲ ಅಕ್ಕಿ ಡಬ್ಬದಲ್ಲೇ ಇದ್ದವು. ಪಲ್ಯದ ಹುರುಳಿಕಾಯಿಯನ್ನು ಅವಳ ಜೊತೆ ಕೂತು ನಾನೂ ಮುರಿದುಕೊಡುತ್ತಿದ್ದೆ.